ಎಡಕ್ಕಿದ್ದ ತಬಲಾ

ಎಕ್ಕಂಬಿಯ ಸಂಗೀತೋತ್ಸವಕ್ಕೆ ನಾನು ಹೋದದ್ದು ಚನ್ನವೀರಪ್ಪನವರ ಜಾಗದಲ್ಲಿ. ನಮ್ಮ ಬುವಾ ಅವರ ಹಾಡಿಗೆ ಮೂವತ್ತು ವರ್ಷ ತಬಲಾ ಬಾರಿಸಿದವರು ಅವರು. ಎಡಚರು. ಜೋಡಿಯಲ್ಲಿ ಎಲ್ಲರೂ ಬಲಕ್ಕಿಡುವ ತಬಲಾವನ್ನು ಅವರು ಎಡಕ್ಕಿಟ್ಟು ಎಡಗೈಯಲ್ಲಿ ಬಾರಿಸುತ್ತಿದ್ದರು. ‘ವೇದಿಕೆ ಮೇಲೆ ಚಂದ ಕಾಣಲ್ಲ’ ಅಂತ ಬುವಾ ಅವರ ಕಿವಿಯಲ್ಲಿ ಊದಿದವನು ನಾನೇ. ಬುವಾ ಚನ್ನವೀರಪ್ಪನವರನ್ನು ಮನೆಗೆ ಕಳಿಸಿದ ಮೂರೇ ತಿಂಗಳಿಗೆ ಮುದುಕರು ತೀರಿಕೊಂಡರು. ನಾನು ಹೊಸ ಜುಬ್ಬಾ ಹೊಲಿಸಿಕೊಂಡೆ.

ಬೆಳಗಿನ ಕಚೇರಿ. ಶ್ರುತಿ ಮಾಡಿಟ್ಟು ಚಹಾ ಕುಡಿದು ಬಂದರೆ ತಬಲಾ ಎಡಕ್ಕಿತ್ತು. ಬಲಕ್ಕೆ ಸರಿಸಿ ಜುಬ್ಬಾದ ತೋಳು ಮಡಚುವಷ್ಟರಲ್ಲಿ ಮತ್ತೆ ಎಡಕ್ಕೆ. ಮುಟ್ಟಿದೆ. ಯಾರೋ ಈಗಷ್ಟೇ ಬಾರಿಸಿ ಎದ್ದಂತೆ ಚರ್ಮ ಬೆಚ್ಚಗಿತ್ತು. ಮೇಲೆಲ್ಲ ಪೌಡರಿನ ಬೆರಳಚ್ಚು. ಚನ್ನವೀರಪ್ಪನವರಂತೆ ಬೆವರಿಗೆಂದು ನಾನು ಕೈಗೆ ಪೌಡರ್ ಹಚ್ಚುವವನಲ್ಲ.

‘ಇದನ್ನ ಯಾರು ಸರಿಸಿದ್ರು?’ ಅಂತ ಸಮಿತಿಯ ಮಹೇಶ್ವರಿ ಅಕ್ಕನನ್ನು ಕೇಳಿದೆ.

‘ಯಾರೂ ಮುಟ್ಟಿಲ್ರಿ. ಕೂಡ್ರಿ, ಬುವಾ ಅವರು ಶುರು ಮಾಡಿದ್ರು.’

ಸರಿಸಲು ಹೊತ್ತಿರಲಿಲ್ಲ, ಹಾಗೇ ಕೂತೆ. ಎರಡು ತಾಸು ಒಂದು ಪೆಟ್ಟೂ ತಪ್ಪಲಿಲ್ಲ. ಕೊನೆಗೆ ಬುವಾ ಕಣ್ಣೊರೆಸಿಕೊಂಡು, ‘ಇವತ್ತು ಚನ್ನವೀರಪ್ಪನ ಕೈ ಕೇಳಿದೆನೋ’ ಅಂದರು.

ಅವರ ಬಾಯಿಂದ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು. ಎಡಗೈಯಲ್ಲಿ ನನಗೆ ಚಮಚ ಹಿಡಿಯಲೂ ಬರುವುದಿಲ್ಲ.