ಹೇಳಿದವರ ಹೆಸರು

ಬಾರಾ ಕಮಾನಿನ ಎದುರು ಗಾಡಿ ತಾನಾಗಿಯೇ ರಸ್ತೆಯ ಅಂಚಿಗೆ ಸರಿದು ನಿಂತಿತು. ಚಾಲಕ ಲಾಡ್ಲೇಸಾಬ ಸ್ಟೇರಿಂಗಿನ ಮೇಲೆ ಹಣೆ ಇಟ್ಟ.

"ಆಧಾರವಿಲ್ಲದ ಮಾತು," ಎಂದಿತು ನುಡಿಪಾರಖಿ. "ದಯವಿಟ್ಟು ಹಿಂಪಡೆಯಿರಿ."

ವಿಜಯಪುರದ ಪ್ರವಾಸಿ ಕಾರುಗಳಿಗೆಲ್ಲ ಆ ವರ್ಷ ನುಡಿಪಾರಖಿ ಕಡ್ಡಾಯವಾಗಿತ್ತು. ಚಾಲಕ ಊರಿನ ಬಗ್ಗೆ ಆಡುವ ಪ್ರತಿ ಮಾತನ್ನೂ ಈ ಯಂತ್ರ ಶಾಸನ, ಗ್ರಂಥಗಳೊಂದಿಗೆ ಹೋಲಿಸುತ್ತಿತ್ತು. ತಾಳೆಯಾಗದಿದ್ದರೆ ಎಂಜಿನ್ನೇ ಬಂದ್. ಒಮ್ಮೆ ಹಿಂಪಡೆದ ಮಾತನ್ನು ಆ ಚಾಲಕ ಮತ್ತೆಂದೂ ಪ್ರವಾಸಿಗರಿಗೆ ಹೇಳುವಂತಿರಲಿಲ್ಲ. ಯಂತ್ರವನ್ನು ರೂಪಿಸಿದ ಡಾ. ಶಾಂಭವಿ ಐತಾಳರು ಅದರ ಕೆಲಸ ನೋಡಲೆಂದು ಉಡುಪಿಯಿಂದ ಬಂದು ಹಿಂದಿನ ಸೀಟಿನಲ್ಲಿ ಕುಳಿತಿದ್ದರು.

ಬೆಳಿಗ್ಗೆಯಿಂದ ಲಾಡ್ಲೇಸಾಬ ಸುರಂಗದ ಕತೆ ಕಳೆದುಕೊಂಡಿದ್ದ, ತೋಪಿನ ಕತೆ ಕಳೆದುಕೊಂಡಿದ್ದ. ಈಗಷ್ಟೇ ಹೇಳಿದ ನೆರಳಿನ ಕತೆ ಬಿಡಲು ಮಾತ್ರ ಮನಸ್ಸಿರಲಿಲ್ಲ. ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸುತ್ತಿದ್ದ ಈ ಗೋರಿ ಪೂರ್ತಿ ಎದ್ದರೆ ಅದರ ನೆರಳು ತಂದೆಯ ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ಅರ್ಧಕ್ಕೇ ನಿಲ್ಲಿಸಿದರು ಎಂಬ ಕತೆ. ಟಾಂಗಾ ಹೊಡೆಯುತ್ತಿದ್ದ ಅವನ ಅಬ್ಬಾ ಅದನ್ನು ಹೇಳಿದರೆ ಜನ ಕೆಳಗಿಳಿದು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ಹುಡುಕುತ್ತಿದ್ದರು. ಕತೆ ಹೋದರೆ ಉಳಿಯುವುದು ಬರೀ ಕಮಾನು.

"ಹಿಂಪಡೆದುಬಿಡಿ ಲಾಡ್ಲೇಸಾಬರೇ, ಸೆಕೆ ತಡೆಯಲಾಗುತ್ತಿಲ್ಲ," ಎಂದರು ಶಾಂಭವಿ. ಎಂಜಿನ್ನಿನ ಜೊತೆ ಎ.ಸಿ.ಯೂ ನಿಂತಿತ್ತು.

"ತಡೀರಿ ಮೇಡಂ." ಅವನು ಯಂತ್ರದತ್ತ ಬಾಗಿದ. "ನೆರಳು ಬೀಳತೈತೆಂದು ನಿಲ್ಲಿಸಿದ್ರು, ಅಂತ!"

ಉಪಾಯ ಚೆನ್ನಾಗಿತ್ತು. 'ಅಂತ' ಸೇರಿದರೆ ಮಾತು ಹೇಳುವವನದಲ್ಲ, ಕೇಳಿದ್ದು; ಅದಕ್ಕೆ ಗ್ರಂಥ ಬೇಡ, ಮೊದಲು ಹೇಳಿದವರು ಸಂಪರ್ಕಕ್ಕೆ ಸಿಕ್ಕರೆ ಸಾಕು. ಹಾಗೆಂದು ನಿಯಮ ಬರೆದವರು ಶಾಂಭವಿಯೇ.

"ಕೇಳಿದ ಮಾತು. ಹೇಳಿದವರ ಹೆಸರು?"

"ನಮ್ಮ ಅಬ್ಬಾ, ಬಂದೇನವಾಜ."

"ಅವರನ್ನು ಸಂಪರ್ಕಿಸಬಹುದೇ?"

"ಖಬರಸ್ತಾನದಾಗ ಅದಾರ. ಹಚ್ಚು ಫೋನು!"

"ಸಂಪರ್ಕ ಸಾಧ್ಯವಿಲ್ಲ. ಹಿಂಪಡೆಯಿರಿ."

"ಸತ್ತವ್ರ ಮಾತೆಲ್ಲ ಸುಳ್ಳೇನ್ರೀ ಮೇಡಂ? ನಿಮ್ಮ ಶಾಸನ ಬರದವ್ರು ಎಲ್ಲಿ ಬದುಕ್ಯಾರ?"

"ಅವರು ಬರೆದಿಟ್ಟು ಹೋಗಿದ್ದಾರೆ ಮಾರಾಯ್ರೆ!"

"ನಮ್ಮ ಅಬ್ಬಾಗ ಬರ್ಯಾಕ ಬರತಿದ್ದಿಲ್ಲ."

ಹಿಂದೆ ಬಸ್ಸೊಂದು ಹಾರ್ನ್ ಬಾರಿಸತೊಡಗಿತು. ಲಾಡ್ಲೇಸಾಬ ಸೋತ. "ಆತು. ಹಿಂದಕ್ಕ ತಗೊಂಡೆ."

"ಯಾವ ಮಾತನ್ನು? ಸ್ಪಷ್ಟವಾಗಿ ಹೇಳಿ."

ಅವನು ಕಿಟಕಿಯಾಚೆ ಕಮಾನುಗಳತ್ತ ನೋಡಿದ. ಯಂತ್ರ ಮತ್ತೆ ಕೇಳಿತು. ಬಸ್ಸು ಮತ್ತೆ ಅರಚಿತು. ಶಾಂಭವಿಯವರ ತಾಳ್ಮೆ ತಪ್ಪಿತು. ಸೀಟುಗಳ ನಡುವೆ ತಲೆ ತೂರಿಸಿ ಅಕ್ಷರ ಅಕ್ಷರ ಬಿಡಿಸಿ ಕೂಗಿದರು:

"ಬಾರಾ ಕಮಾನಿನ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ಕೆಲಸ ನಿಲ್ಲಿಸಿದರು!"

ಹಸಿರು ದೀಪ ಹತ್ತಿತು. "ದಾಖಲಾಗಿದೆ. ಹೇಳಿದವರು ಡಾ. ಶಾಂಭವಿ ಐತಾಳ. ಸಂಪರ್ಕ ಸಾಧ್ಯ." ಎಂಜಿನ್ ಗುರುಗುಟ್ಟಿತು.

"ಅಯ್ಯೋ, ಅದು ನನ್ನ ಮಾತಲ್ಲ!"

"ಹಿಂಪಡೆಯುತ್ತೀರಾ? ಗಾಡಿ ನಿಲ್ಲುತ್ತದೆ."

ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಶಾಂಭವಿ ಕುತ್ತಿಗೆಯ ಬೆವರೊರೆಸಿಕೊಂಡು ಸೀಟಿಗೊರಗಿದರು.

ಆ ಚಳಿಗಾಲದಲ್ಲಿ ಊರಿನ ಚಾಲಕರೆಲ್ಲ ನೆರಳಿನ ಕತೆ ಹೇಳಿದರು. ಕೊನೆಗೆ, "ಅಂತ ಡಾ. ಶಾಂಭವಿ ಐತಾಳರು ಹೇಳ್ಯಾರ್ರೀ," ಎಂದು ಸೇರಿಸಿದರು. ಎಂಥ ವಿದ್ವಾಂಸರು ಎಂದು ಪ್ರವಾಸಿಗರು ತಲೆದೂಗಿದರು. ಲಾಡ್ಲೇಸಾಬನೂ ಹಾಗೆಯೇ ಹೇಳುತ್ತಿದ್ದ. ಒಂದು ದಿನ ಮಾತ್ರ, ತಡೆಯಲಾರದೆ, "ಖರೇ ಹೇಳಬೇಕಂದ್ರ ಇದು ನಮ್ಮ ಅಬ್ಬಾನ ಕತಿ," ಎಂದ.

ಗಾಡಿ ನಿಂತಿತು.