ನೋವಿನ ಮಾತ್ರೆ

ತಂಬಾಕು ಹದಮಾಡುವ ಬ್ಯಾರನ್ನಿನ ಲೈಸೆನ್ಸ್ ಅಣ್ಣ ನಂಜಣ್ಣನ ಹೆಸರಿನಲ್ಲೇ ಉಳಿದದ್ದು ಕಾಂತರಾಜನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಕೂಗುವ ಹೆಸರು ಯಾವತ್ತೂ ಅಣ್ಣನದೇ. ನಂಜಣ್ಣನಿಗೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಊಟ ತಮ್ಮನ ಮನೆಯಲ್ಲಿ. ಅವನಾದ ಮೇಲೆ ಎಲ್ಲವೂ ತಮ್ಮನಿಗೇ. ಕಾಯುವ ತಾಳ್ಮೆ ಮಾತ್ರ ಕಾಂತರಾಜನಿಗಿರಲಿಲ್ಲ.

ಹುಣಸೂರಿನ ಔಷಧಿ ಅಂಗಡಿಯಲ್ಲಿ ಅವನಿಗೆ ಹನ್ನೆರಡು ವರ್ಷದ ಅನುಭವ. ಸಕ್ಕರೆ ಕಾಯಿಲೆಯ ಅಣ್ಣನಿಗೆ ಮೈಸೂರಿನ ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆದಿದ್ದರು: ಕಿಡ್ನಿ ಸೋತಿದೆ, ನೋವಿನ ಮಾತ್ರೆ ಕೂಡದು. ಆ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಕಾಂತರಾಜ ಅಣ್ಣನಿಗೆ ಓದಿ ಹೇಳಿದ.

ಅವನು ಆರಿಸಿದ್ದು ಮಂಡಿನೋವಿಗೆ ಊರಿಗೆ ಊರೇ ನುಂಗುವ ಮಾತ್ರೆ. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತದೆ. ಮೊದಲೇ ಸೋತ ಕಿಡ್ನಿ ಸದ್ದಿಲ್ಲದೆ ಕೈಚೆಲ್ಲುತ್ತದೆ. ಸಕ್ಕರೆ ಕಾಯಿಲೆಯವನು ಹಾಗೆ ಸತ್ತರೆ ಯಾರು ಕೇಳುತ್ತಾರೆ? ಹೆಸರು ಕಾಣದಂತೆ ಪಟ್ಟಿಯಿಂದ ಕತ್ತರಿಸಿದ ಮಾತ್ರೆಗಳನ್ನು ಕಾಗದದ ಕವರಿಗೆ ಹಾಕಿ, ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆದ.

"ನಿನ್ ಮಂಡಿನೋವ್ಗೆ ಇದು, ತಪ್ಪಿಸ್‌ಬ್ಯಾಡ ಕಣಣ್ಣ. ಡಾಕ್ಟ್ರಿಗೆ ಏಳ್‌ಬ್ಯಾಡ, ಬೇಜಾರ್ ಮಾಡ್ಕತಾರೆ."

"ನೀನ್ ಕೊಟ್ಮೇಲೆ ಮುಗೀತು ಬುಡು," ಎಂದ ನಂಜಣ್ಣ.

ಚಿಕ್ಕವನಿದ್ದಾಗ ಜ್ವರ ಬಂದರೆ ಇದೇ ಅಣ್ಣ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದಿದ್ದ. ಕಾಂತರಾಜನಿಗೆ ಅದು ನೆನಪಾಯಿತು. ಆದರೂ ಕವರನ್ನು ವಾಪಸು ಕೇಳಲಿಲ್ಲ.

ಎಂಟು ತಿಂಗಳು ಪ್ರತಿ ವಾರ ಹೊಸ ಕವರು ಕೊಟ್ಟ. ಹಳೆಯದು ಖಾಲಿಯಾದದ್ದನ್ನು ನೋಡಿ ನೆಮ್ಮದಿಪಟ್ಟ. ಅಣ್ಣನ ಪಾದ ಊದಿದೆಯೇ ಎಂದು ದಿನವೂ ಕದ್ದು ನೋಡುತ್ತಿದ್ದ, ಊದಿರಲಿಲ್ಲ. ಕಾಂತರಾಜನ ಹೆಂಡತಿ, ಬಿ.ಪಿ. ಇದ್ದ ಪುಟ್ಟಲಕ್ಷ್ಮಿ, ದಿನವಿಡೀ ಕೂತು ಹೊಗೆಸೊಪ್ಪು ವಿಂಗಡಿಸುವವಳು. ಅವಳು ಕಾಲುಂಗುರ ಬಿಗಿಯೆಂದು ತೆಗೆದಿಟ್ಟಾಗ, ಕೂತು ಕೂತು ಹಾಗಾಗಿರಬೇಕೆಂದು ಸುಮ್ಮನಾದ.

ಒಂದು ಬೆಳಿಗ್ಗೆ ಅವಳು ಸೊಪ್ಪಿನ ಮುಂದೆಯೇ ಕುಸಿದಳು. ಎರಡೂ ಕಿಡ್ನಿ ಹೋಗಿವೆ ಎಂದರು ಮೈಸೂರಿನ ಡಾಕ್ಟರು. ಮನೆಯಲ್ಲಿ ಯಾವ ಮಾತ್ರೆ ನುಂಗುತ್ತಿದ್ದಳು ಎಂದು ಕೇಳಿದರು.

ಬಿ.ಪಿ. ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ ಎಂದ ಕಾಂತರಾಜ. ಪಕ್ಕದಲ್ಲಿ ಅಳುತ್ತ ನಿಂತಿದ್ದ ನಂಜಣ್ಣ ಜೇಬಿನಿಂದ ಕಾಗದದ ಕವರು ತೆಗೆದು ಮೇಜಿನ ಮೇಲಿಟ್ಟ. "ನಂಗೆ ಮೊದಲ್ನೇ ದಿನ್ವೇ ಒಟ್ಟೆ ಉರೀತು ಕಣ್ಲಾ ಕಾಂತ. ನೀನ್ ತಂದ್ಕೊಟ್ಟಿದ್ದು ಎಸ್ಯಕ್ಕೆ ಮನ್ಸು ಬರ್ನಿಲ್ಲ. ಇವ್ಳು ಸೊಂಟ ನೋವು ಅಂತಿದ್ಳು, ದಿನಾ ಇವ್ಳಿಗೇ ಕೊಡ್ತಿದ್ದೆ. ಡಾಕ್ಟ್ರಿಗೂ ನಿಂಗೂ ಏಳ್‌ಬ್ಯಾಡ ಅಂತ ನಾನೇ ಏಳಿದ್ದೆ." ಡಾಕ್ಟರು ಕವರನ್ನು ಬೆಳಕಿಗೆ ಹಿಡಿದು, ಇದು ಯಾರ ಕೈಬರಹ ಎಂದು ಕೇಳಿದರು.