ಚೆಲ್ಲದೆ ಇಟ್ಟ ನೀರು

"ಎಂತ ಮಾಡಿದ್ದು ನೀವು? ನನ್ನ ಜೀವವನ್ನೇ ತೊಳೆದು ಚೆಲ್ಲಿಬಿಟ್ಟಿರಲ್ಲಾ!"

ವೆರೊನಿಕಾಳ ಕೂಗಿಗೆ ಮಣಿಪಾಲದ ಆ ಲ್ಯಾಬಿನ ಕೋಲ್ಡ್ ರೂಮೇ ನಡುಗಿತು. ಅವಳ ಹಿಂದೆಯೇ ಒಳಗೆ ಬಂದ ಟೆಕ್ನೀಶಿಯನ್ ಕರಿಬಸವ ಬೆಚ್ಚಿ ಹಿಂದೆ ಸರಿದ. ಬೆನ್ನು ತಾಗಿ ದಪ್ಪ ಬಾಗಿಲು ಧಡ್ ಎಂದು ಮುಚ್ಚಿತು... ಎಳೆದರೆ, ಹಿಡಿಯೇ ಕಿತ್ತು ಕೈಗೆ ಬಂತು!

ಹೋಯಿತು! ಅಟೆಂಡರ್ ವಾಸು ಊಟ ಮುಗಿಸಿ ಬರುವ ತನಕ ಈ ನಾಲ್ಕು ಡಿಗ್ರಿ ಚಳಿಯಲ್ಲಿ ಇಬ್ಬರೇ.

ಪಾಪ, ಪಿಎಚ್.ಡಿ. ಮಾಡುತ್ತಿದ್ದ ವೆರೊನಿಕಾ ಸಿಕ್ಕಿಬಿದ್ದದ್ದು ಇವತ್ತೇನಲ್ಲ. ಕುಕ್ಕುಂದೂರಿನ ಮನೆಯಲ್ಲಿ ಮಸ್ಕತ್ತಿನ ಹುಡುಗನಿಗೆ ಮಾತು ಕೊಡಲು ತುದಿಗಾಲಲ್ಲಿ ನಿಂತಿದ್ದರು. "ಈ ಸಲ ನಿನ್ನ ಪ್ರೋಟೀನ್ ಸಿಕ್ಕಿದರೆ ಓದು, ಇಲ್ಲದಿದ್ದರೆ ಮದುವೆ," ಎಂದು ಅಮ್ಮ ಮ್ಯಾಗ್ಡಲಿನ್ ಕಡ್ಡಿ ಮುರಿದಂತೆ ಹೇಳಿದ್ದರು. ಹಲಸಿನ ಬೀಜದಿಂದ ತೆಗೆದ ಪ್ರೋಟೀನ್ ಅದು. ಹಲಸಿನ ಕಾಲವೂ ಮುಗಿದಿತ್ತು.

ಪ್ರೋಟೀನುಗಳನ್ನು ಬೇರ್ಪಡಿಸುವ ಉದ್ದನೆಯ ಕೊಳವೆಯೇ ಕಾಲಮ್; ಉಪ್ಪು ಹೆಚ್ಚಿದ್ದರೆ ಅವು ಅದರೊಳಗಿನ ಮಣಿಗಳಿಗೆ ಅಂಟಿ ಕೂರುತ್ತವೆ. ಉಪ್ಪನ್ನು ಸ್ವಲ್ಪಸ್ವಲ್ಪವೇ ಇಳಿಸಿದರೆ ಒಂದೊಂದಾಗಿ ಬಿಟ್ಟು ಬರುತ್ತವೆ. ಈ ಪುಣ್ಯಾತ್ಮ ಬೆಳಿಗ್ಗೆ ಉಪ್ಪಿನ ದ್ರಾವಣದ ಬದಲು ಉಪ್ಪಿಲ್ಲದ್ದರಿಂದಲೇ ಕಾಲಮ್ ತೊಳೆದಿದ್ದ. ಎಲ್ಲವೂ ಒಂದೇ ಏಟಿಗೆ ಇಳಿದುಹೋಗಿತ್ತು!

"ಬಾಯಿ ಬಿಡಿ ಮಾರಾಯ್ರೇ!"

ಕರಿಬಸವ ಮೂಲೆಯ ಐಸ್ ಡಬ್ಬಿ ತೆರೆದ. ಒಳಗೆ ನಂಬರ್ ಹಾಕಿದ ಇಪ್ಪತ್ತು ಟ್ಯೂಬುಗಳಿದ್ದವು.

"ತೊಳೆದ ನೀರು ಚೆಲ್ಲಿಲ್ರೀ. ನಮ್ಮವ್ವ ಜ್ವಾಳ ಹಸನ ಮಾಡುವಾಗ, ಕೇರಿದ್ದನ್ನ ಇನ್ನೊಮ್ಮೆ ನೋಡದ ಚೆಲ್ಲಬ್ಯಾಡ ಅಂತಿದ್ಲು. ಒಂದು ಹನಿ ಬಣ್ಣಕ್ಕ ಹಾಕಿ ನೋಡೀನಿ, ನೀಲಿ ಆಗೈತಿ. ನಿಮ್ಮ ಪ್ರೋಟೀನ್ ಇದರಾಗ ಐತ್ರೀ! ಉಪ್ಪು ಬೆರೆಸಿ ಮತ್ತ ಕಾಲಮ್ಮಿಗೆ ಏರಿಸೋಣು. ಇದನ್ನ ಹೇಳಾಕ ಬಂದಿದ್ದೆ..."

ವೆರೊನಿಕಾಳ ಕಣ್ಣು ಸ್ಟ್ಯಾಂಡಿನ ಮೇಲೆ ಬಿತ್ತು. ಬಲಗಡೆ ಉಪ್ಪಿನ ಬಾಟಲಿ, ಎಡಗಡೆ ಉಪ್ಪಿಲ್ಲದ್ದು. ಅವಳೇ ಮಾಡಿದ ಪದ್ಧತಿ. ಈಗ ಅದಲುಬದಲಾಗಿತ್ತು. ನಿನ್ನೆ ಇಟ್ಟವರು ಯಾರು?

'ಅಯ್ಯೋ ದೇವರೇ... ನಾನೇ!'

"ತಪ್ಪು ನನ್ನದಲ್ವಾ? ಯಾಕೆ ಹೇಳಲಿಲ್ಲ ನೀವು?"

"ನಿನ್ನೆ ಮನೆಯಿಂದ ಫೋನ್ ಬಂದ ಮ್ಯಾಲ ಅಳಾಕತ್ತಿದ್ರಿ. ಅದರ ಮ್ಯಾಲ ಇದೂ ಯಾಕ ಅಂತ..."

"ಅದಕ್ಕೆ ನನ್ನ ಬೈಗುಳ ತಿಂದಿರಾ?"

"ಒಂದು ವರ್ಷದಾಗ ನೀವು ನನ್ನ ಜೋಡಿ ಇಷ್ಟು ಮಾತಾಡಿದ್ದು ಇವತ್ತರೀ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅವನು ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

ಎಷ್ಟು ದಿನದಿಂದ ಇವನು ಎದುರಿಗೇ ಇದ್ದ... ನೋಡಲೇ ಇಲ್ಲವಲ್ಲ!

"ಮಸ್ಕತ್ತಿನವರು ಬೇಡ ಅಂತ ಅಮ್ಮನಿಗೆ ನಾನೇ ಹೇಳುತ್ತೇನೆ. ಮತ್ತೆ ಯಾರು ಬೇಕು ಅಂತ ಕೇಳಿದರೆ... ನಿಮ್ಮ ಹೆಸರು ಹೇಳಲಾ?"

ಹೊರಗೆ ವಾಸುವಿನ ಚಪ್ಪಲಿ ಸದ್ದು ಕೇಳಿತು.

"ವಾಸಣ್ಣ ಬಂದ್ರು... ಬಾಗಿಲು ಬಡೀಲೇನ್ರೀ?"

"ಬೇಡ. ಮೊದಲು ಉತ್ತರ ಹೇಳಿ."

ಕರಿಬಸವ ತಲೆ ತಗ್ಗಿಸಿ ನಕ್ಕ.

"ಹೇಳ್ರೀ... ಆದರ ಈ ಸಲ ಅಳಬ್ಯಾಡ್ರಿ."